ಗಂಜಿ ಇಳಿಯುವಾಗಲೇ ಬಿಡಿ

ಸರ್ಕಾರ ಜೈಲುಗಳ ಲೆಕ್ಕವನ್ನು ವರ್ಷವರ್ಷವೂ ಪುಸ್ತಕ ಮಾಡಿ ಹೊರಡಿಸುತ್ತದೆ. ಅದರಲ್ಲಿ ಸಾವಿಗೂ ಕಾಲಮ್ಮು ಉಂಟು. ನೇಣು ಹಾಕಿಕೊಂಡವರು, ಹೊಡೆದಾಟದಲ್ಲಿ ಸತ್ತವರು ಒಂದು ಕಡೆ; ಅದು ಅಸಹಜ ಸಾವು. ಕಾಯಿಲೆಯಿಂದ, ಮುಪ್ಪಿನಿಂದ ಸತ್ತವರು ಇನ್ನೊಂದು ಕಡೆ. ಅದು ಸಹಜ ಸಾವು. 2022ರಲ್ಲಿ ಈ ದೇಶದ ಜೈಲುಗಳಲ್ಲಿ 1,995 ಜನ ಸತ್ತರು. ಅವರಲ್ಲಿ 1,773 ಜನರದ್ದು ಸಹಜ ಸಾವು ಎಂದು ಬರೆದಿದೆ. ಬರೆದವರ ಕೈ ನಡುಗಿದಂತೆ ಕಾಣುವುದಿಲ್ಲ. ಅಂಕಿ ನೆಟ್ಟಗಿದೆ.

'ಸಹಜ' ಎಂದರೆ ಹುಟ್ಟಿನ ಜೊತೆಯಲ್ಲೇ ಬಂದದ್ದು ಅಂತ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ನಮಗೆ ಹೇಳಿಕೊಟ್ಟಿದ್ದರು. ನಮ್ಮ ಕೇರಿಗೆ ಹುಟ್ಟಿನ ಜೊತೆಯಲ್ಲಿ ಬಂದದ್ದು ಜಾತಿ. ಅದರ ಬೆನ್ನಿಗೇ ಬಂದದ್ದು ಸಾಲ. ಕಂಬಿಯ ಹಿಂದೆ ಕೂತು, ಆಸ್ಪತ್ರೆಯ ತಾರೀಕಿಗೆ ಕಾಯುತ್ತಾ, ಗಂಟಲು ಮುಚ್ಚಿಹೋಗಿ ಸಾಯುವುದು ಯಾವ ತಾಯಿಯ ಹೊಟ್ಟೆಯಿಂದ ಜೊತೆಯಲ್ಲಿ ಬಂತು? ಇದನ್ನು ಯಾರಾದರೂ ನಮಗೆ ಬಿಡಿಸಿ ಹೇಳಬೇಕು.

ಅದೇ ಪುಸ್ತಕದ ಪ್ರಕಾರ ಆ ವರ್ಷದ ಕೊನೆಗೆ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಜನ ಇನ್ನೂ ವಿಚಾರಣೆ ಎದುರಿಸುತ್ತಿದ್ದವರು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ತಪ್ಪು ಸಾಬೀತಾಗಿರಲಿಲ್ಲ. ಒಳಗಿದ್ದ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಪರಿಶಿಷ್ಟ ಜಾತಿಯವರು. 2011ರ ಜನಗಣತಿಯಲ್ಲಿ ನಾವು ನೂರಕ್ಕೆ 16.6. ಊರೊಳಗೆ ಮನೆ ಕಟ್ಟಲು ಜಾಗ ಕೊಡದವರು ಜೈಲೊಳಗೆ ಮಾತ್ರ ನಮ್ಮ ಪಾಲಿಗಿಂತ ಹೆಚ್ಚು ಜಾಗ ಕೊಟ್ಟಿದ್ದಾರೆ. ಒಳಗೆ ಹೋದ ಮೇಲೂ ಜಾತಿ ನಮ್ಮನ್ನು ಬಿಟ್ಟಿರಲಿಲ್ಲ. ಅಡಿಗೆಗೆ ಯಾರು, ಕಕ್ಕಸು ತೊಳೆಯಲು ಯಾರು ಎಂಬುದನ್ನು ಜಾತಿ ನೋಡಿ ಹಂಚುವ ನಿಯಮಗಳು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಅಚ್ಚಾಗಿದ್ದವು. ಅವು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರ್ 3ರಂದು. ಸಂವಿಧಾನ ಬಂದು ಎಪ್ಪತ್ತನಾಲ್ಕು ವರ್ಷವಾಗಿತ್ತು.

ಈಗ ಕಾಯಿಲೆಯ ಮಾತಿಗೆ ಬರೋಣ.

ಕಾಯಿಲೆ ಬಿದ್ದ ಕೈದಿಯನ್ನು ಮನೆಗೆ ಕಳಿಸಲು ಕಾನೂನಿನಲ್ಲಿ ಬಾಗಿಲೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಬಾಗಿಲುಗಳಿವೆ. ವಿಚಾರಣೆಯಲ್ಲಿರುವವನು ಕಾಯಿಲೆಯವನೋ ನಿಶ್ಶಕ್ತನೋ ಆಗಿದ್ದರೆ ಜಾಮೀನು ಕೊಡಬಹುದು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 437ನೇ ಕಲಮು ಹೇಳುತ್ತಿತ್ತು. 2024ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 480ನೇ ಕಲಮೂ ಅದನ್ನೇ ಹೇಳುತ್ತದೆ. ಶಿಕ್ಷೆಯಾದವನ ಮೇಲ್ಮನವಿ ಬಾಕಿಯಿದ್ದರೆ ಕೋರ್ಟು ಶಿಕ್ಷೆಯನ್ನು ತಡೆಹಿಡಿಯಬಹುದು. ಸರ್ಕಾರ ಶಿಕ್ಷೆ ಕಡಿಮೆ ಮಾಡಬಹುದು. ಪೆರೋಲ್ ಕೊಡಬಹುದು. ಇವೆಲ್ಲ ಮುಚ್ಚಿದರೂ ಸಂವಿಧಾನದ 161ನೇ ವಿಧಿಯಲ್ಲಿ ರಾಜ್ಯಪಾಲರು ಬಿಡುಗಡೆ ಮಾಡಬಹುದು. ಇಷ್ಟು ಬಾಗಿಲುಗಳಿದ್ದೂ ಬಾಗಿಲಿಗೊಬ್ಬ ಕಾವಲುಗಾರ. ಅವನ ಕೈಗೊಂದು ಕಾಗದ ಕೊಡಬೇಕು. ಆ ಕಾಗದ ತರಲು ಹೊರಗೆ ಓಡಾಡುವ ಕಾಲು ಬೇಕು. ಕಾಲಿಗೆ ಬಸ್ ಚಾರ್ಜು ಬೇಕು. ಒಂದು ದಿನದ ಕೂಲಿ ಬಿಡುವ ಧೈರ್ಯ ಬೇಕು.

ನಮ್ಮ ಕೇರಿಯಿಂದ ಡಿಗ್ರಿ ಮುಗಿಸಿದ ಮೊದಲ ತಲೆಗಳು ನಾವು. ಪದ್ಯ ಬರೆಯುತ್ತೇವೆಂದು ಕೇರಿಗೆ ಗೊತ್ತು. ಪದ್ಯ ಯಾರಿಗೂ ಬೇಕಾಗಿಲ್ಲ, ಕೈಬರಹ ಬೇಕು. ಪಿಂಚಣಿಗೆ, ರೇಷನ್ ಕಾರ್ಡಿಗೆ, ಸತ್ತವರ ಸರ್ಟಿಫಿಕೇಟಿಗೆ ನಮ್ಮಿಂದ ಅರ್ಜಿ ಬರೆಸುತ್ತಾರೆ. ಒಂದು ದಿನ ದೊಡ್ಡವ್ವ ಬಂದು ಹೊಸ್ತಿಲ ಮೇಲೆ ಕೂತಳು. "ನಿಮ್ ದೊಡ್ಡಪ್ಪುನ್ ಗಂಟ್ಲಲ್ಲಿ ಅನ್ನ ಇಳೀತಿಲ್ವಂತೆ ಕನ್ರಪ್ಪಾ. ಗಂಜಿ ಮಾತ್ರ ಇಳಿತದಂತೆ. ಓದ್ದೋರು ನೀವು, ಏನಾರಾ ಬರ್ದಾಕ್ರಪ್ಪಾ" ಅಂದಳು.

ದೊಡ್ಡಪ್ಪ ಒಂಬತ್ತು ವರ್ಷದಿಂದ ಒಳಗಿದ್ದ. ಜೀವಾವಧಿ. ಗೋಮಾಳದ ಜಗಳದಲ್ಲಿ ಎರಡೂ ಕಡೆ ದೊಣ್ಣೆ ಎದ್ದು ಒಬ್ಬ ಮನುಷ್ಯ ಸತ್ತಿದ್ದ. ಸತ್ತವನಿಗೂ ಹೆಂಡತಿ ಇದ್ದಳು, ಇಬ್ಬರು ಮಕ್ಕಳಿದ್ದರು. ಅದನ್ನು ನಾವು ಮುಚ್ಚಿಟ್ಟು ಬರೆಯುವುದಿಲ್ಲ. ದೊಡ್ಡಪ್ಪನೂ ಯಾವತ್ತೂ ಮುಚ್ಚಿಟ್ಟವನಲ್ಲ. ಆದರೆ ಅವನಿಗೆ ಕೋರ್ಟು ಕೊಟ್ಟದ್ದು ಜೈಲು. ಗಂಟಲ ಕ್ಯಾನ್ಸರನ್ನು ಯಾವ ಜಡ್ಜೂ ತೀರ್ಪಿನಲ್ಲಿ ಬರೆದಿರಲಿಲ್ಲ.

ನಾವು ಅರ್ಜಿ ಬರೆದೆವು. ಸೂಪರಿಂಟೆಂಡೆಂಟರಿಗೆ ಒಂದು, ಮೇಲಿನವರಿಗೆ ಒಂದು, ರಾಜ್ಯಪಾಲರಿಗೆ ಒಂದು. ಕೆಲವು ಅಪರಾಧಗಳಲ್ಲಿ ಜೀವಾವಧಿಯಾದವನನ್ನು ಸರ್ಕಾರ ತನ್ನ ಮಾಮೂಲಿ ಅಧಿಕಾರದಲ್ಲಿ 14 ವರ್ಷದೊಳಗೆ ಬಿಡುವಂತಿಲ್ಲ. ರಾಜ್ಯಪಾಲರ ಅಧಿಕಾರಕ್ಕೆ ಆ ಕಟ್ಟು ಇಲ್ಲವೆಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಆದರೆ ರಾಜ್ಯಪಾಲರು ನಡೆಯುವುದು ಸಂಪುಟದ ಸಲಹೆಯಂತೆ. ಆದ್ದರಿಂದ ಕಡತ ಜೈಲಿನಿಂದ ಎದ್ದು ಒಂದೊಂದೇ ಮೇಜು ಹತ್ತಿ ಇಳಿದು ವಿಧಾನಸೌಧ ಸೇರಬೇಕು. ಕ್ಯಾನ್ಸರು ಮೇಜು ಹತ್ತುವುದಿಲ್ಲ. ಅದು ನೇರ ಹೋಗುತ್ತದೆ.

ಮೊದಲ ಮೇಜು ಡಾಕ್ಟರದು. ಜೈಲಿನ ಡಾಕ್ಟರು ದೊಡ್ಡಾಸ್ಪತ್ರೆಗೆ ಬರೆದರು. ದೊಡ್ಡಾಸ್ಪತ್ರೆ ತಾರೀಕು ಕೊಟ್ಟಿತು. ಆ ತಾರೀಕಿಗೆ ಬೆಂಗಾವಲು ಪೊಲೀಸರು ಸಿಗಲಿಲ್ಲ, ಅವತ್ತು ಜಿಲ್ಲೆಗೆ ಮಂತ್ರಿ ಬಂದಿದ್ದರು. ಎರಡನೆಯ ತಾರೀಕಿಗೆ ಪೊಲೀಸರು ಸಿಕ್ಕರು, ಜೀಪು ಸಿಗಲಿಲ್ಲ. ಮೂರನೆಯ ತಾರೀಕಿಗೆ ಹೋದಾಗ ಬರೆದುಕೊಟ್ಟ ಕಾಗದದಲ್ಲಿ 'ಚಿಕಿತ್ಸೆ ಮುಂದುವರಿಸತಕ್ಕದ್ದು' ಎಂಬ ಒಂದು ಸಾಲಿತ್ತು. ನಾವು ಆ ಸಾಲನ್ನು ಓದಿ ಖುಷಿಪಟ್ಟೆವು. ಕಚೇರಿಯ ಗುಮಾಸ್ತರು ನಕ್ಕರು. "ಇದ್ರಲ್ಲಿ ಬಿಡಕ್ಕಾಗಲ್ಲ. ಇನ್ನು ಬದುಕಲ್ಲ ಅಂತ ಬರ್ಸ್ಕೊಂಡು ಬನ್ನಿ" ಅಂದರು.

ಯೋಚನೆ ಮಾಡಿ, ಗೆಳೆಯರೆ. ಮಕ್ಕಳೇ ಹೋಗಿ, ಡಾಕ್ಟರ ಮುಂದೆ ಕೈಮುಗಿದು, "ನಮ್ಮ ಅಪ್ಪ ಸಾಯುತ್ತಾನೆ ಅಂತ ಬರೆದುಕೊಡಿ ಸ್ವಾಮಿ" ಅಂತ ಬೇಡಬೇಕು. ವಾಸಿಯಾಗುತ್ತದೆ ಎಂದರೆ ಒಳಗೇ ಇರು. ವಾಸಿಯಾಗುವುದಿಲ್ಲ ಎಂದರೆ ಹೊರಗೆ ಬಾ. ಬದುಕುವ ಆಸೆ ಇದ್ದವನಿಗೆ ಬಾಗಿಲಿಲ್ಲ. ಆಸೆ ಬಿಟ್ಟವನಿಗೆ ಬಾಗಿಲು.

ಎರಡನೆಯ ಮೇಜು ಪೊಲೀಸರದು. ಇವನನ್ನು ಊರಿಗೆ ಬಿಟ್ಟರೆ ಶಾಂತಿಗೆ ಭಂಗ ಬರುತ್ತದೋ ಇಲ್ಲವೋ ಎಂದು ಅವರು ವರದಿ ಕೊಡಬೇಕು. ಪೇದೆ ಊರಿಗೆ ಬಂದ. ಯಜಮಾನರ ಜಗಲಿ ಮೇಲೆ ಕೂತ, ಕಾಫಿ ಕುಡಿದ, ಅಲ್ಲೇ ಬರೆದ, ಹೋದ. ಕೇರಿಗೆ ಬರಲಿಲ್ಲ. ನಿಂತು ಮೂತ್ರ ಮಾಡಲು ಇಬ್ಬರ ಆಸರೆ ಬೇಕಿದ್ದ ಮುದುಕನಿಂದ ಊರಿನ ಶಾಂತಿಗೆ ಭಂಗ ಬರುವ ಸಂಭವವಿದೆ ಎಂದು ವರದಿ ಹೋಯಿತು.

ಮೂರನೆಯ ಮೇಜು ಜಾಮೀನುದಾರರದು. ಪಹಣಿ ತನ್ನಿ ಅಂದರು. ಗೋಮಾಳಕ್ಕೆ ಬಡಿದಾಡಿ ಜೈಲಿಗೆ ಹೋದವನ ಕೇರಿಯಲ್ಲಿ ಪಹಣಿ ಎಲ್ಲಿಂದ ಬರಬೇಕು? ಪಹಣಿ ಇದ್ದಿದ್ದರೆ ಅವನು ಜೈಲಿಗೇ ಹೋಗುತ್ತಿರಲಿಲ್ಲ. ಕಡೆಗೆ ಪಕ್ಕದೂರಿನ ಪ್ರೈಮರಿ ಶಾಲೆಯ ಮೇಷ್ಟ್ರೊಬ್ಬರು ತಮ್ಮ ಸಂಬಳದ ಚೀಟಿ ಇಟ್ಟರು. ಅವರು ನಮ್ಮ ಜಾತಿಯವರಲ್ಲ. ಅವರ ಹೆಸರು ಬರೆಯಬೇಡಿ ಅಂದಿದ್ದಾರೆ, ಬರೆಯುವುದಿಲ್ಲ.

ಒಂಬತ್ತು ತಿಂಗಳು ಹೀಗೆ ಕಳೆದು ಪೆರೋಲ್ ಸಿಕ್ಕಿತು. ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ದೊಡ್ಡಪ್ಪನನ್ನು ಕರೆತಂದೆವು. ಜೈಲಿಗೆ ಹೋದಾಗ ಹುಟ್ಟಿರದಿದ್ದ ಮೊಮ್ಮಗಳು ಬಾಗಿಲ ಸಂದಿಯಿಂದ ನೋಡಿತು. ದೊಡ್ಡವ್ವ ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಚಮಚದಲ್ಲಿ ಇಟ್ಟಳು. ಇಳಿಯಲಿಲ್ಲ. ಕಟಬಾಯಿಂದ ಹೊರಗೆ ಹರಿಯಿತು. ಹನ್ನೊಂದನೆಯ ದಿನ ದೊಡ್ಡಪ್ಪ ಸತ್ತ. ಮಣ್ಣು ಮಾಡಿ ಬಂದ ಮೇಲೆ ದೊಡ್ಡವ್ವ ಅಂದ ಮಾತು ಇಷ್ಟೆ: "ಬುಟ್ರು, ಇಲ್ಲ ಅನ್ನಲ್ಲ. ಗಂಜಿ ಇಳಿಯುವಾಗ್ಲೇ ಬುಟ್ಟಿದ್ರೆ ಏನಾಗ್ತಿತ್ತು?"

ಎರಡು ತಿಂಗಳ ಮೇಲೆ ರಾಜ್ಯಪಾಲರಿಗೆ ಹಾಕಿದ್ದ ಅರ್ಜಿಗೆ ಕಾಗದ ಬಂತು. ಕೈದಿಯ ಸದ್ಯದ ಆರೋಗ್ಯ ಸ್ಥಿತಿಯ ಬಗ್ಗೆ ಹೊಸದಾಗಿ ವೈದ್ಯಕೀಯ ವರದಿ ಸಲ್ಲಿಸುವುದು, ಎಂದಿತ್ತು.

ಇದು ನಮ್ಮ ದೊಡ್ಡಪ್ಪನೊಬ್ಬನ ಕತೆ ಎಂದು ಯಾರೂ ಕಣ್ಣೀರು ಹಾಕಬೇಡಿ. ಇದೇ ದಾರಿಯಲ್ಲಿ ದೊಡ್ಡ ಹೆಸರಿನವರೂ ಹೋಗಿದ್ದಾರೆ. ಸರ್ಕಾರಕ್ಕೆ ಕಾಯಿಲೆಯವರನ್ನು ಬಿಡುವುದು ಗೊತ್ತಿಲ್ಲ ಎಂದಲ್ಲ. ಯಾರ ಹೆಣ ಭಾರ, ಯಾರ ಹೆಣ ಹಗುರ ಎಂದು ಅದು ತೂಗಿ ನೋಡುತ್ತದೆ. ಬ್ರಿಟಿಷರು 1944ರ ಮೇ 6ರಂದು ಗಾಂಧಿಯನ್ನು ಆಗಾಖಾನ್ ಅರಮನೆಯ ಸೆರೆಯಿಂದ ಬಿಟ್ಟದ್ದು ಕಾಯಿಲೆಯ ಕಾರಣಕ್ಕೆ. ಸೆರೆಯಲ್ಲಿ ಸತ್ತರೆ ದೇಶ ಹೊತ್ತಿಕೊಳ್ಳುತ್ತದೆಂಬ ಭಯಕ್ಕೆ. ಆ ಫೆಬ್ರವರಿಯಲ್ಲಿ ಕಸ್ತೂರಬಾ ಅದೇ ಸೆರೆಯಲ್ಲೇ ಸತ್ತಿದ್ದರು. ತುರ್ತು ಪರಿಸ್ಥಿತಿಯಲ್ಲಿ ಜಯಪ್ರಕಾಶ ನಾರಾಯಣರನ್ನು 1975ರ ನವೆಂಬರಿನಲ್ಲಿ ಬಿಟ್ಟಾಗ ಅವರ ಮೂತ್ರಪಿಂಡ ಕೆಟ್ಟುಹೋಗಿತ್ತು.

ನಮ್ಮ ಬೆಂಗಳೂರಿನ ಮಾತು ತೆಗೆದುಕೊಳ್ಳಿ. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅವರನ್ನು 1976ರ ಮೇ 2ರಂದು ಹಿಡಿದರು. ಬರೋಡ ಡೈನಮೈಟ್ ಪ್ರಕರಣ ಎಂದರು. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವರಿಗೆ ಮೊದಲಿಂದ ಉಬ್ಬಸ. ಬೆಂಗಳೂರು ಸೆಂಟ್ರಲ್ ಜೈಲಿನ ಒಂಟಿ ಕೋಣೆಯಲ್ಲಿ ಅದು ಉಲ್ಬಣಿಸಿತು. ರಾತ್ರಿ ಹೊತ್ತು ಅವರ ಕೂಗು ಕೇಳುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆ ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಕಳಿಸಿದರು. ಜನವರಿ 20ರಂದು ಸತ್ತರು. ಐದು ದಿನ. ಆ ಜೈಲು ಈಗ ಫ್ರೀಡಂ ಪಾರ್ಕ್ ಆಗಿದೆ. ನಮ್ಮ ಧರಣಿಗಳೆಲ್ಲ ಅಲ್ಲೇ ನಡೆಯುತ್ತವೆ. ಧಿಕ್ಕಾರ ಕೂಗುವಾಗ ಆ ಗೋಡೆಗಳ ಕಡೆ ಒಮ್ಮೆ ನೋಡಿ.

ಸ್ಟ್ಯಾನ್ ಸ್ವಾಮಿ ಬೆಂಗಳೂರಿಗೆ ಹೊಸಬರಲ್ಲ. 1970-80ರ ದಶಕಗಳಲ್ಲಿ ಹತ್ತು ವರ್ಷ ಇಲ್ಲಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಆಮೇಲೆ ಜಾರ್ಖಂಡದ ಆದಿವಾಸಿಗಳ ನಡುವೆ ಬದುಕಿದರು. 2020ರ ಅಕ್ಟೋಬರ್ 8ರಂದು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿಸಿದಾಗ ಎಂಬತ್ತು ದಾಟಿದ್ದರು. ಪಾರ್ಕಿನ್ಸನ್ ಕಾಯಿಲೆ, ಕೈ ನಡುಕ. ಲೋಟ ಹಿಡಿದರೆ ನೀರು ಚೆಲ್ಲುತ್ತಿತ್ತು. ಹೀರಿ ಕುಡಿಯಲು ಒಂದು ಕೊಳವೆ, ಒಂದು ಮುಚ್ಚಳದ ಲೋಟ ಕೇಳಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಉತ್ತರ ಕೊಡಲು ತನಿಖಾ ಸಂಸ್ಥೆ 20 ದಿನ ಸಮಯ ಕೇಳಿತು. ಕಾಯಿಲೆಯ ಮೇಲೆ ಕೇಳಿದ ಜಾಮೀನು ಸಿಗಲಿಲ್ಲ. 2021ರ ಜುಲೈ 5ರಂದು ಬಾಂಬೆ ಹೈಕೋರ್ಟಿನಲ್ಲಿ ಅವರ ಜಾಮೀನು ಅರ್ಜಿ ಕೈಗೆತ್ತಿಕೊಂಡಾಗ, ಅವರು ಸತ್ತರೆಂದು ಕೋರ್ಟಿಗೆ ತಿಳಿಸಲಾಯಿತು. ಅದೇ ಪ್ರಕರಣದ ಕವಿ ವರವರ ರಾವ್ ಅವರಿಗೆ ಕಾಯಿಲೆಯ ಮೇಲೆ ಕಾಯಂ ಜಾಮೀನು ಸಿಕ್ಕಿದ್ದು 2022ರ ಆಗಸ್ಟಿನಲ್ಲಿ, ಸುಪ್ರೀಂ ಕೋರ್ಟಿನ ತನಕ ಹತ್ತಿದ ಮೇಲೆ.

ಗಾಲಿಕುರ್ಚಿ ಬಿಟ್ಟು ಏಳಲಾಗದ ಪ್ರೊಫೆಸರ್ ಸಾಯಿಬಾಬಾ ಅವರ ಹೆಸರು ನೀವು ಕೇಳಿದ್ದೀರಿ. 2014ರಲ್ಲಿ ಬಂಧನ, 2024ರ ಮಾರ್ಚ್ 5ರಂದು ನಿರ್ದೋಷಿ, ಅದೇ ಅಕ್ಟೋಬರ್ 12ರಂದು ಸಾವು. ಆದರೆ ಅದೇ ಕೇಸಿನ ಪಾಂಡು ನರೋಟೆ ಎಂಬ ಹೆಸರು ಎಷ್ಟು ಜನಕ್ಕೆ ಗೊತ್ತು? ಗಡಚಿರೋಲಿಯ ಆದಿವಾಸಿ. ನಾಗಪುರ ಜೈಲಿನಲ್ಲಿ ಜ್ವರ ಬಂದು 2022ರ ಆಗಸ್ಟಿನಲ್ಲಿ ಸತ್ತ. ಅವನ ಮೇಲಿನ ಕೇಸನ್ನು ಹೈಕೋರ್ಟು ಮೊದಲ ಸಲ ತಳ್ಳಿಹಾಕಿದ್ದು ಅದೇ ಅಕ್ಟೋಬರ್ 14ರಂದು. ಎರಡು ತಿಂಗಳು ಬದುಕಿದ್ದರೆ ತೀರ್ಪು ಅವನ ಕಿವಿಗೆ ಬೀಳುತ್ತಿತ್ತು. ಪ್ರೊಫೆಸರಿಗೆ ಬರೆಯಲು ಗೆಳೆಯರಿದ್ದರು, ಕವಿಗೆ ಓದುಗರಿದ್ದರು, ಪಾದ್ರಿಗೆ ಸಭೆಯಿತ್ತು. ಇಷ್ಟಿದ್ದೂ ಅವರ ಪಾಡು ಹಾಗಾಯಿತು. ಪಾಂಡುವಿಗೆ ಯಾರಿದ್ದರು?

ಕಾನೂನಿನಲ್ಲೂ ಒಂದು ವಿಚಿತ್ರ ಉಂಟು, ಓದಿದವರು ಗಮನಿಸಿ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ 45ನೇ ಕಲಮಿನಲ್ಲಿ ಜಾಮೀನು ಬಹಳ ಕಷ್ಟ. ಆದರೂ ಆರೋಪಿ ಕಾಯಿಲೆಯವನಾಗಿದ್ದರೆ ಬಿಡಬಹುದು ಎಂಬ ಮಾತು ಅಲ್ಲಿ ಉಂಟು. ಯುಎಪಿಎ ಕಾಯ್ದೆಯ 43ಡಿ(5)ರಲ್ಲಿ ಆ ಮಾತು ಇಲ್ಲ. ಕೋಟಿ ನುಂಗಿದ ಆರೋಪವಿದ್ದವನ ಎದೆನೋವಿಗೆ ಶಾಸನದಲ್ಲೇ ಒಂದು ಸಾಲು. ಭಾಷಣ ಮಾಡಿದ, ಕರಪತ್ರ ಇಟ್ಟುಕೊಂಡ ಆರೋಪವಿದ್ದವನ ಉಬ್ಬಸಕ್ಕೆ ಸಾಲಿಲ್ಲ. ದೊಡ್ಡವರಿಗೆ ವಾರಂಟು ಬಂದ ದಿನವೇ ಎದೆನೋವೂ ಬರುವುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ನಮ್ಮವರ ಕ್ಯಾನ್ಸರು ಮಾತ್ರ ಯಾವಾಗಲೂ ತಡವಾಗಿ ಬರುತ್ತದೆ.

ಈಗ ಒಂದು ಕಹಿ ಪ್ರಶ್ನೆ. ನಮ್ಮ ಗುಂಪಿನಲ್ಲೇ ಇದು ಎದ್ದಿತು, ರಾತ್ರಿಯಿಡೀ ಜಗಳವಾಯಿತು. "ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ನಮ್ಮ ಏಳು ಜನರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ನಾಳೆ ಅಂಥದ್ದೇ ಕೇಸಿನಲ್ಲಿ ಒಬ್ಬನಿಗಾದರೂ ಶಿಕ್ಷೆಯಾಗಿ, ಅವನಿಗೆ ಕ್ಯಾನ್ಸರ್ ಬಂದರೆ, ಅವನನ್ನೂ ಬಿಡಿ ಅಂತೀಯೇನ್ಲಾ?" ಎಂದು ಒಬ್ಬ ಕೇಳಿದ. ಬಿಲ್ಕಿಸ್ ಬಾನು ಪ್ರಕರಣದ ಹನ್ನೊಂದು ಅಪರಾಧಿಗಳನ್ನು 2022ರ ಆಗಸ್ಟ್ 15ರಂದು ಬಿಟ್ಟು ಹಾರ ಹಾಕಿದ್ದನ್ನು ಇನ್ನೊಬ್ಬ ನೆನಪಿಸಿದ. ಅದು ಕಾಯಿಲೆಯ ಕಾರಣದ ಬಿಡುಗಡೆಯಲ್ಲ; ಸುಪ್ರೀಂ ಕೋರ್ಟು 2024ರ ಜನವರಿ 8ರಂದು ಅದನ್ನು ರದ್ದು ಮಾಡಿತು. ಆದರೂ ಬಿಡುಗಡೆ ಎಂಬ ಪದ ಕೇಳಿದರೆ ನಮ್ಮ ಮೈ ಉರಿಯುವುದಕ್ಕೆ ಕಾರಣವಿದೆ.

ಬೆಳಗಿನ ಜಾವಕ್ಕೆ ನಾವು ಮುಟ್ಟಿದ ಮಾತು ಇದು. ಶಿಕ್ಷೆ ಆಗಲೇಬೇಕು. ನಮ್ಮನ್ನು ಸುಟ್ಟವರಿಗೆ ಆಗದಿರುವುದೇ ಈ ದೇಶದ ರೋಗ. ಆದರೆ ಸಾಯುತ್ತಿರುವ ಗಂಟಲಿಗೆ ನೀರು ತಡೆಯುವುದು ನ್ಯಾಯವಲ್ಲ. ಅದು ನಮ್ಮ ಅಜ್ಜಂದಿರಿಗೆ ಬಾವಿಯ ಕಟ್ಟೆಯಲ್ಲಿ ಮಾಡಿದ ಕೆಲಸ. ನೀರು ತಡೆಯುವ ಕೆಲಸವನ್ನು ನಾವು ಯಾರಿಂದಲೂ ಕಲಿಯಬಾರದು. ಅಂಥವನ ಅರ್ಜಿ ಬಂದಾಗ ನೊಂದ ಮನೆಯವರ ಮಾತನ್ನೂ ಕೇಳಲಿ, ಊರು ಬಿಟ್ಟು ಬೇರೆ ಕಡೆ ಇರಿಸಲಿ, ಹಾರ ತುರಾಯಿ ನಿಷೇಧಿಸಲಿ. ಸಾಯಲು ಮಾತ್ರ ಮನುಷ್ಯನಂತೆ ಬಿಡಲಿ. ಕೇಳಿದ ಗೆಳೆಯ ಪೂರ್ತಿ ಒಪ್ಪಲಿಲ್ಲ. ಒಪ್ಪದೆಯೇ ನಮ್ಮ ಜೊತೆ ಇದ್ದಾನೆ.

ಹಾಗಾದರೆ ನಾವು ಕೇಳುವುದೇನು? ಕಾಯಿಲೆ ಬಲಿತದ್ದು ಕಂಡ ದಿನವೇ ಜೈಲಿನ ಡಾಕ್ಟರು ತಾವಾಗಿ ಬರೆಯಬೇಕು. ಕೈದಿಯ ಮಕ್ಕಳು ಬಂದು ಬೇಡುವ ತನಕ ಕಾಯಬಾರದು. ಪ್ರತಿ ಮೇಜಿಗೂ ದಿನದ ಗಡುವು ಇರಬೇಕು. ಪೊಲೀಸ್ ವರದಿಯನ್ನು ಕೈದಿಯ ಮನೆಯ ಬಾಗಿಲಲ್ಲಿ ನಿಂತು ಬರೆಯಬೇಕು. ಪಹಣಿ ಇಲ್ಲದವನಿಗೆ ಅವನ ಕೇರಿಯ ಮಾತೇ ಜಾಮೀನಾಗಬೇಕು. ಯುಎಪಿಎಯಲ್ಲಿ ಕಾಯಿಲೆಯವರಿಗೆ ಆ ಒಂದು ಸಾಲು ಬರಬೇಕು. ಕಡೆಯದಾಗಿ, ಬಿಡುಗಡೆಯಾಗಿ ಮೂರು ತಿಂಗಳೊಳಗೆ ಸತ್ತವರನ್ನೂ ಜೈಲಿನ ಪುಸ್ತಕದಲ್ಲಿ ಎಣಿಸಬೇಕು. ಒಳಗೆ ಸತ್ತರೆ 24 ಗಂಟೆಯಲ್ಲಿ ಮಾನವ ಹಕ್ಕು ಆಯೋಗಕ್ಕೆ ತಿಳಿಸಬೇಕು, ವಿಚಾರಣೆಯಾಗಬೇಕು. ಮನೆಯಲ್ಲಿ ಸತ್ತರೆ ಮೂರು ಹಿಡಿ ಮಣ್ಣು, ಮುಗಿಯಿತು. ಕೊನೆಯ ಉಸಿರಿಗೆ ಮುಂಚೆ ಬಾಗಿಲು ತೆಗೆಯುವುದು ಯಾರ ಅನುಕೂಲಕ್ಕೆ ಎಂದು ಅದರಿಂದ ಗೊತ್ತಾಗುತ್ತದೆ.

ಸರ್ಕಾರ ಮಾಡುವ ತನಕ ಕಾಯುವುದು ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಬಂಧನದಲ್ಲಿರುವ ಯಾರಿಗೇ ಆಗಲಿ ಪುಕ್ಕಟೆ ವಕೀಲರು ಸಿಗಬೇಕು. ಪ್ರತಿ ಜಿಲ್ಲೆಯ ಕೋರ್ಟಿನಲ್ಲೂ ಅದಕ್ಕೊಂದು ಪ್ರಾಧಿಕಾರವಿದೆ. ವಯಸ್ಸಾದ ಮತ್ತು ಉಳಿಯುವ ಆಸೆಯಿಲ್ಲದ ಕೈದಿಗಳಿಗಾಗಿ ರಾಷ್ಟ್ರೀಯ ಪ್ರಾಧಿಕಾರ 2024ರ ಡಿಸೆಂಬರ್ 10ರಿಂದ ಒಂದು ಅಭಿಯಾನವನ್ನೂ ಮಾಡಿತು. ಅವಧಿಗೆ ಮುನ್ನ ಬಿಡುಗಡೆಯ ನೀತಿಯಿರುವ ಕಡೆ, ಅರ್ಹರಾದವರನ್ನು ಅರ್ಜಿ ಇಲ್ಲದೆಯೇ ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟು 2025ರ ಫೆಬ್ರವರಿ 18ರಂದು ಹೇಳಿದೆ. ಇವೆಲ್ಲ ಕಾಗದದಲ್ಲಿ ಇವೆ. ಕಾಗದವನ್ನು ಕೇರಿಗೆ ಮುಟ್ಟಿಸುವವರು ಬೇಕು.

ಹಳ್ಳಿಯ ಮೇಷ್ಟ್ರುಗಳೆ, ನಿಮ್ಮ ಊರಿನಿಂದ ಒಳಗೆ ಹೋದವರು ಯಾರು, ಅವರ ಮೈ ಹೇಗಿದೆ ಎಂದು ಅವರ ಮಕ್ಕಳನ್ನು ತರಗತಿಯ ಹೊರಗೆ, ಮೆಲ್ಲಗೆ ಕೇಳಿ. ವಿದ್ಯಾರ್ಥಿ ಗೆಳೆಯರೆ, ಸಂದರ್ಶನದ ದಿನ ಜೈಲಿನ ಗೇಟಿಗೆ ಹೋಗಿ ನಿಲ್ಲಿ. ಚೀಟಿ ಓದಲು ಬಾರದೆ ನಿಂತ ಹೆಂಗಸರು ಅಲ್ಲಿ ಇರುತ್ತಾರೆ. ಕೂತು ಬರೆದುಕೊಡಿ. ಕೈದಿಯ ಹೆಸರು, ನಂಬರು, ಕೇಸು, ಒಳಗಿದ್ದ ದಿನ, ಕಾಯಿಲೆ, ತಪ್ಪಿಹೋದ ಆಸ್ಪತ್ರೆ ತಾರೀಕುಗಳು ಇಷ್ಟನ್ನೂ ಬರೆಯಿರಿ. ಒಂದು ಪ್ರತಿ ಸೂಪರಿಂಟೆಂಡೆಂಟರಿಗೆ, ಒಂದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ಒಂದು ನಿಮ್ಮ ಕೈಯಲ್ಲಿ. ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಕಾಲಿಡಬೇಡಿ. ಹದಿನೈದು ದಿನಕ್ಕೆ ಮತ್ತೆ ಹೋಗಿ. ಅವರಿಗೆ ನಿಮ್ಮ ಮುಖದ ಗುರುತು ಹತ್ತುವ ತನಕ ಹೋಗಿ.